ಹೆಸರು ಮಾತ್ರ ಉಳಿದಿದ್ದ ಹಾಡು

ಸತ್ತವರ ಸ್ವರ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಊಟ ಸ್ವಲ್ಪ ಜಾಸ್ತಿಯಾಗಿರಬೇಕು ಎಂದು ತಮಾಷೆ ಮಾಡುತ್ತಿದ್ದವನು ನಾನು. ಈಗ ನನ್ನ ಸರದಿ. ನೀವು ನಕ್ಕರೆ ನನಗೆ ಬೇಸರವಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ವೋವಿ ಹಾಡುವುದರಲ್ಲಿ ನಮ್ಮ ಅಮ್ಮನದು ಎತ್ತಿದ ಕೈ. ವೋವಿ ಎಂದರೆ ನಮ್ಮ ಕೊಂಕಣಿ ಕ್ರೈಸ್ತರ ಮದುವೆ ಹಾಡು. ಮದುವೆಯ ಹಿಂದಿನ ದಿನ ರೋಸ್ ಇರುತ್ತದೆ. ಬಂಧುಗಳೆಲ್ಲ ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ, ಹೆಂಗಸರು ಸುತ್ತ ನಿಂತು ಹಾಡುತ್ತಾರೆ. ಶಂಕರಪುರದ ಮನೆಯಲ್ಲಿ ಅಕ್ಕನ ರೋಸ್ ನಡೆದಾಗ ಅಮ್ಮ ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಮಗಳನ್ನು ಒಪ್ಪಿಸಿಕೊಡುವ ಸಾಲಿಗೆ ಬಂದಾಗ ಅಮ್ಮನಿಗೆ ಅಳು ಬಂತು, ಹಾಡು ನಿಂತಿತು. ಉಳಿದ ಹೆಂಗಸರು ಆ ಸಾಲನ್ನು ಎತ್ತಿಕೊಂಡು ಮುಗಿಸಿದರು. ಅಮ್ಮ ತೀರಿಕೊಂಡ ಮೇಲೆ ಅದನ್ನು ಎಷ್ಟು ಸಲ ಕೇಳಿದ್ದೇವೆಂದರೆ, ಆ ಅಳು ಸಮೇತ ನಮಗೆ ಬಾಯಿಪಾಠವಾಗಿತ್ತು. ಕ್ಯಾಸೆಟ್ ಹಾಳಾಗುವ ಮೊದಲು ಉಡುಪಿಯ ಸ್ಟುಡಿಯೋ ಒಂದರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದೆ.

ಅಕ್ಕನ ಮನೆ ಕಾರ್ಕಳದ ಹತ್ತಿರ ಬಜಗೋಳಿಯಲ್ಲಿ. ಅವಳ ಮಗಳು ರೀನಾಳ ಮದುವೆ ನಿಶ್ಚಯವಾದಾಗ ಅಕ್ಕ ನನ್ನಲ್ಲಿ ಕೇಳಿದ್ದು ಒಂದೇ. "ಅಮ್ಮ ಬರ್ಲಿಕ್ಕಿಲ್ಲ. ಸ್ವರ ಆದ್ರೂ ಬರಲಿ ಮಾರಾಯ. ನೀನು ಆ ವೋವಿ ಹಾಕು."

ಆಯಿತು ಎಂದೆ. ಅದೇ ಹೊತ್ತಿಗೆ ನನಗೆ ಹಾಡು ಕೇಳುವ ಹಳೆಯ ಪ್ಲೇಯರ್ ಬಿಟ್ಟು ಹೊಸದು ಹಾಕುವ ಹುಚ್ಚು ಹಿಡಿದಿತ್ತು. ಹೊಸ ಪ್ಲೇಯರಿನಲ್ಲಿ ಒಂದು ಗುಂಡಿ ಒತ್ತಿದ್ದೇ ತಡ, ಹಳೆಯ ಹಾಡುಗಳ ಹೆಸರುಗಳೆಲ್ಲ ಸಾಲಾಗಿ ಬಂದು ಕೂತವು. ಎಲ್ಲ ಬಂತು ಎಂದುಕೊಂಡು ಹಳೆಯ ಪ್ಲೇಯರನ್ನೂ ಹಾಡುಗಳಿದ್ದ ಅದರ ಫೋಲ್ಡರನ್ನೂ ಅಳಿಸಿಬಿಟ್ಟೆ. ಮರುದಿನ ನೋಡಿದರೆ ಅಮ್ಮನ ವೋವಿಯೂ ಸೇರಿ ಹೆಸರುಗಳೆಲ್ಲ ಮಂಕಾಗಿದ್ದವು. ಒತ್ತಿದರೆ ಫೈಲ್ ಸಿಗುತ್ತಿಲ್ಲ ಎಂಬ ಉತ್ತರ. ಮಣಿಪಾಲದ ಕಂಪ್ಯೂಟರ್ ಅಂಗಡಿಯವನು ಲ್ಯಾಪ್‌ಟಾಪನ್ನು ಎರಡು ದಿನ ಇಟ್ಟುಕೊಂಡು ಸಿನಿಮಾ ಹಾಡುಗಳನ್ನು ಹೇಗೋ ವಾಪಸು ತಂದ. ಅಮ್ಮನ ಹಾಡು ಬರಲಿಲ್ಲ. "ಇದ್ರದ್ದು ಹೆಸರು ಮಾತ್ರ ಉಂಟು ಸರ್, ಹಾಡು ಇಲ್ಲ" ಎಂದ. ಉಡುಪಿಯ ಸ್ಟುಡಿಯೋ ಮುಚ್ಚಿ ತುಂಬಾ ಕಾಲವಾಗಿತ್ತು, ಕ್ಯಾಸೆಟ್ ಎಸೆದಾಗಿತ್ತು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಬೇರೆ ಹಾಡಾದ್ರೂ ಹಾಕು, ಎಂತ ಮಾಡುದು" ಎಂದಳು.

ರೋಸ್‌ನ ಸಂಜೆ ನಾನು ಹಾಲು ಹಚ್ಚುವ ನನ್ನ ಸರದಿ ಮುಗಿಸಿ, ಕೈ ತೊಳೆದು, ಚಪ್ಪರದ ಮೂಲೆಯಲ್ಲಿ ಲ್ಯಾಪ್‌ಟಾಪ್ ಹತ್ತಿರ ನಿಂತಿದ್ದೆ. ಒಂದು ಸಿನಿಮಾ ಹಾಡು ಮುಗಿಯಿತು. ಮುಂದಿನದು ಆ ಮಂಕು ಹೆಸರು. ಪ್ಲೇಯರ್ ಅದನ್ನು ದಾಟಿ ಹೋಗಬೇಕಿತ್ತು, ದಾಟಲಿಲ್ಲ. ಸ್ಪೀಕರಿನಲ್ಲಿ ಅಮ್ಮ ಹಾಡತೊಡಗಿದರು.

ಹೆಂಗಸರು ಸಂತೋಷದಿಂದ ಸ್ವರ ಸೇರಿಸಿದರು. ನಾನು ಹೇಗೋ ಸರಿಮಾಡಿಸಿದ್ದೇನೆ ಎಂದು ಅವರ ಲೆಕ್ಕ. ಒಪ್ಪಿಸಿಕೊಡುವ ಸಾಲು ಬಂತು. ಅಮ್ಮ ನಿಲ್ಲಿಸಲಿಲ್ಲ. ಆ ಸಾಲನ್ನು, ಅದರ ನಂತರದ್ದನ್ನೂ ಕೊನೆಯವರೆಗೆ ಒಬ್ಬರೇ ನಿಧಾನವಾಗಿ ಹಾಡಿ ಮುಗಿಸಿದರು. ಅದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಚಪ್ಪರದಲ್ಲಿದ್ದವರ ಕೈಯೆಲ್ಲ ತೆಂಗಿನ ಹಾಲು, ಯಾರೂ ಫೋನ್ ಮುಟ್ಟಿರಲಿಲ್ಲ. ಒಣ ಕೈಯವನು ನಾನೊಬ್ಬ. ಫೋನ್ ಜೇಬಿನಲ್ಲೇ ಇತ್ತು. ರೆಕಾರ್ಡ್ ಮಾಡಬೇಕೆಂದು ಹೊಳೆಯಲೇ ಇಲ್ಲ.

ಹಾಡು ನಿಂತ ಕೂಡಲೇ ಆ ಹೆಸರನ್ನು ಮತ್ತೆ ಒತ್ತಿದೆ. ಫೈಲ್ ಸಿಗುತ್ತಿಲ್ಲ. ಮದುವೆ ಮುಗಿದ ಮೇಲೆ ಪುನಃ ಮಣಿಪಾಲಕ್ಕೆ ಹೋದೆ. ಅಂಗಡಿಯವನು ನನ್ನ ಮುಖವನ್ನೇ ನೋಡಿದ, ಇಲ್ಲದ ಫೈಲ್ ಹಾಡುವುದಿಲ್ಲ ಎಂದ. ಅದು ನನಗೂ ಗೊತ್ತು. ಇವತ್ತಿಗೂ ಒಮ್ಮೊಮ್ಮೆ ಲ್ಯಾಪ್‌ಟಾಪ್ ತೆರೆದು ಒತ್ತಿ ನೋಡುತ್ತೇನೆ, ಅದೇ ಉತ್ತರ. ಯಾರನ್ನು ಕೇಳುವುದು, ಏನೆಂದು ಕೇಳುವುದು, ಒಂದೂ ತಿಳಿಯುವುದಿಲ್ಲ.

ಅಕ್ಕ ಮಾತ್ರ ಹೇಗಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಆ ಸಂಜೆ ರೀನಾಳನ್ನು ಸ್ನಾನಕ್ಕೆ ಕಳುಹಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ನಿಂತಳು. ಮೆಲ್ಲಗೆ ಕೇಳಿದಳು.

"ಅಮ್ಮ ಈ ಸಲ ಅಳ್ಲಿಲ್ಲ, ಅಲ್ವಾ?"