ಅತ್ತೆಯ ಮೂಗು ಹೇಳಿದ್ದೇ ಖರೆ

ವಾಸನೆ ಹಿಡಿಯುವಾಗ ನನ್ನ ಅತ್ತೆಯವರ ಕಣ್ಣು ಮುಚ್ಚುತ್ತಿದ್ದವು, ಹೊಳ್ಳೆ ಅರಳಿ ಮೂಗುಬೊಟ್ಟು ಒಂದಿಷ್ಟು ಅಲುಗುತ್ತಿತ್ತು. ದೇವರಿಗೆ ತೋರಿಸುವ ಮುಂಚೆ ನೈವೇದ್ಯದ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಅವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ತಾನಾಗಿ ಬಂದ ವಾಸನೆಯ ಮೇಲೆಯೇ "ಉಪ್ಪ ಕಡಿಮಿ ಆಗೇತಿ" ಅನ್ನುತ್ತಿದ್ದರು. ಆಗಿರುತ್ತಿತ್ತು. "ನಾಲಿಗಿ ಸುಳ್ಳಾಡ್ತೈತಿ, ಮೂಗು ಆಡಂಗಿಲ್ಲ" ಎಂಬುದು ಅವರ ಮಾತು. ತಿಕೋಟಾದ ನಮ್ಮ ಇಡೀ ಓಣಿ ಅದನ್ನು ನಂಬಿತ್ತು.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಡುತ್ತಿದ್ದ ದಿನಗಳು. ನಾನು ಹೊಸ ಸೊಸೆ. ಆ ಚಳಿಗಾಲ ಅತ್ತೆ ಜ್ವರ ಬಂದು ಮಲಗಿ ಎದ್ದಿದ್ದರು. ಮುಂದಿನ ಶ್ರಾವಣದ ಒಂದು ಸೋಮವಾರ, ಓಣಿಯ ಹೆಂಗಸರೆಲ್ಲ ಕೂತಿದ್ದಾಗ, ನಾನು ಮಾಡಿದ ಗೋಧಿ ಹುಗ್ಗಿಯ ಮುಂದೆ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಹುಗ್ಗಿ ನಾರಾಕತ್ತೈತಿ," ಅಂದರು. ನನ್ನ ಹತ್ತಿರ ಬಂದು, "ಹುಗ್ಗಿ ಅಲ್ಲ, ಈಕಿನ ನಾರಾಕತ್ತಾಳ."

"ಹೌದ್ರಿ ಯಕ್ಕಾ, ನನಗೂ ಬಡೀತು," ಎಂದಳು ಬಾಗಿಲ ಬಳಿ ಕೂತ ಒಬ್ಬಾಕೆ. ಅಷ್ಟು ದೂರಕ್ಕೆ ಆಕೆಗೆ ಏನು ಬಡಿದಿತ್ತೋ ದೇವರೇ ಬಲ್ಲ.

ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನೂ ನಂಬಿದೆನಲ್ಲ! ಬೇವಿನೆಲೆ, ಕಡಲೆಹಿಟ್ಟು ಹಚ್ಚಿ ಚರ್ಮ ಕಿತ್ತುಬರುವ ಹಾಗೆ ತಿಕ್ಕಿಕೊಂಡೆ. ಗಂಡ ಹತ್ತಿರ ಬಂದರೆ ಸರಿದು ನಿಲ್ಲುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಒಂದು ಮುಂಜಾನೆ, ಪೂಜೆಗೆ ಬಿಡಿಸಿದ ಸೇವಂತಿಗೆಯನ್ನು ಅತ್ತೆ ಹಿತ್ತಲಿಗೆ ಎಸೆದು ಅಲ್ಲೇ ಕುಸಿದು ಕೂತರು. "ಹೂವೂ ನಾರಾಕತ್ತಾವ ಬೇ," ಅಂದರು. ಆಮೇಲೆ ಎಲ್ಲ ಹೇಳಿದರು. ಜ್ವರದಲ್ಲಿ ವಾಸನೆ ಪೂರ್ತಿ ಹೋಗಿತ್ತಂತೆ. ಮರ್ಯಾದೆಗೆ ಅಂಜಿ ತಿಂಗಳುಗಟ್ಟಲೆ ಅಂದಾಜಿನ ಮೇಲೆ ಉಪ್ಪು ಹೇಳಿದ್ದರು. ಶ್ರಾವಣದ ಹೊತ್ತಿಗೆ ವಾಸನೆ ತಿರುಗಿ ಬಂದಾಗ ಎಲ್ಲವೂ ಕೊಳೆತಂತೆ ನಾರತೊಡಗಿತ್ತು.

ವಿಜಾಪುರದ ಡಾಕ್ಟರರು ಮೂಗಿಗೆ ಬೆಳಕು ಹಿಡಿದು ನೋಡಿದರು. "ಜ್ವರಕ್ಕ ಒಳಗಿನ ವಾಸನಿ ನರದ ಎಳಿ ಸತ್ತಿದ್ವು. ಈಗ ಹೊಸಾವು ಚಿಗಿಯಾಕತ್ತಾವ. ಎಳೇವು ನೋಡ್ರಿ, ಒಂದು ವಾಸನಿಗೆ ಇನ್ನೊಂದು ಹೇಳ್ತಾವ. ತಡೀಬೇಕು," ಎಂದರು.

ಮರುದಿನ ತಾವೇ ಓಣಿಯ ಹೆಂಗಸರನ್ನು ಕರೆದರು. "ಅವತ್ತ ನಾರಿದ್ದು ಸೊಸಿ ಅಲ್ರೇ. ನನ್ನ ಮೂಗು ಕೆಟ್ಟಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ," ಎಂದು ತಲೆ ತಗ್ಗಿಸಿದರು. ಆ ಕಾಲದಲ್ಲಿ ಯಾವ ಅತ್ತೆ ಹೀಗೆ ಹೇಳಿಯಾಳು? ನನಗೆ ಸಮಾಧಾನವಾಗಬೇಕಿತ್ತು. ಅವರ ಬಾಗಿದ ತಲೆ ನೋಡಿ ಇನ್ನಷ್ಟು ನಾಚಿಕೆಯಾಯಿತು.

ಮುಂದಿನ ಬೇಸಿಗೆಗೆ ಅವರ ವಾಸನೆ ಸರಿಯಾಯಿತು. ಹೊಸ್ತಿಲಲ್ಲಿ ಮಾತ್ರ ಮತ್ತೆಂದೂ ನಿಲ್ಲಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕೊನೆಯ ದಿನಗಳಲ್ಲಿ, "ಹತ್ರ ಬಾ ಬೇ" ಎಂದು ಕರೆದರು. ಹೋದೆ. ಹಾಸಿಗೆಯಿಂದ ಒಂದು ಮೊಳ ದೂರ, ನನಗೇ ತಿಳಿಯದಂತೆ, ಸೆರಗು ಬಿಗಿಯಾಗಿ ಹೊದ್ದು ಕೂತೆ. ಅತ್ತೆ ಆ ಒಂದು ಮೊಳ ನೆಲವನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.