ಮಿರಜಿನ ಡಾಕ್ಟರು ಹೇಳಿದ ಚಂದ

ಆಗ ನನಗೆ ಅರವತ್ತೇಳು. ಆರು ವರ್ಷದ ಹಿಂದಿನ ಮಾತು. ಇದು ಆಧಾರ್ ಕಾರ್ಡಿನ ಲೆಕ್ಕ, ಸರಿಯೋ ತಪ್ಪೋ ಗೊತ್ತಿಲ್ಲ. ನಾನು ಎರಡನೇ ಇಯತ್ತೆ ತನಕ ಸಾಲೆಗೆ ಹೋದವಳು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಮ್ಮದು ಶಿರಗುಪ್ಪಿ ಹತ್ತಿರದ ಊರು. ಸುತ್ತ ಎಲ್ಲಾ ಕಬ್ಬು. ನಮಗೂ ಸ್ವಲ್ಪ ಇದೆ, ಅದನ್ನು ಮಗ ನೋಡುತ್ತಾನೆ. ನನ್ನದು ಎಮ್ಮೆ. ಮದುವೆಯಾಗಿ ಬಂದ ವರ್ಷದಿಂದ ದಿನಾ ಎರಡು ಹೊತ್ತು ಹಿಂಡಿದ್ದೇನೆ. ಗಂಡ ಸತ್ತ ದಿನವೂ ಹಿಂಡಿದ್ದೇನೆ. ಹೆಣ ಅಂಗಳದಲ್ಲಿತ್ತು. ಎಮ್ಮೆಗೆ ಅದೇನು ಗೊತ್ತು, ಕೆಚ್ಚಲು ಬಿಗಿದು ಒದರುತ್ತಿತ್ತು. ಹಿಂಡಿ ಬಂದು ಅಳಲು ಕೂತೆ.

ಆಮೇಲೆ ಮೊಣಕಾಲು ಹೋದವು. ಕುಕ್ಕರಗಾಲಲ್ಲಿ ಕೂರಲಾಗದವಳು ಹಿಂಡುವುದು ಹೇಗೆ? ಒಂದು ಸಲ ಕೂತವಳು ಏಳಲಾರದೆ ಎಮ್ಮೆಯ ಕಾಲು ಹಿಡಿದೆ. ಅದು ಒದೆಯಿತು. ಎಮ್ಮೆಯ ತಪ್ಪಲ್ಲ. ಸೊಸೆ ಅಂಗನವಾಡಿಗೆ ಹೋಗುತ್ತಾಳೆ, ಹಿಂಡಲು ಬೇರೆ ಯಾರೂ ಇಲ್ಲ. ಮಗ ಎರಡೂ ಎಮ್ಮೆಯನ್ನು ಸದಲಗಾದ ಕಡೆಯವರಿಗೆ ಕೊಟ್ಟ. ನನ್ನನ್ನು ಕೇಳಿಯೇ ಕೊಟ್ಟ. ಮಾರು ಎಂದವಳು ನಾನೇ.

ಮಾರಿದ ಮೇಲೆ ನಾನು ಕೆಟ್ಟೆ. ಮೊದಲು ಬಾಯಿ ರುಚಿ ಹೋಯಿತು, ಆಮೇಲೆ ಮಾತು ಹೋಯಿತು. ಹಿಂಡುವ ಹೊತ್ತಿಗೆ ತಾನೇ ಎಚ್ಚರಾಗುತ್ತಿತ್ತು. ಹೊದಿಕೆಯ ಮೇಲೆ ಎರಡೂ ಕೈ ತಾವೇ ಮುಚ್ಚಿ ತೆರೆಯುತ್ತಿದ್ದವು, ಹಿಂಡುವ ಹಾಗೆ. ಎದ್ದು ಮಾಡುವುದೇನು? ಏಳುವುದನ್ನೇ ಬಿಟ್ಟೆ. ತಲೆ ಬಾಚಲಿಲ್ಲ. ಸೊಸೆ ತಾಟು ತಂದಿಟ್ಟರೆ ರೊಟ್ಟಿಯ ಮೇಲೆ ನೊಣ ಕೂರುವುದನ್ನು ನೋಡುತ್ತಿದ್ದೆ. ಸಾಯಬೇಕು ಅಂತೇನೂ ಅಲ್ಲ. ಬದುಕಬೇಕು ಅಂತಲೂ ಇರಲಿಲ್ಲ. ಕುಪ್ಪಸದ ತೋಳು ಜೋತುಬಿದ್ದವು. ಮುದುಕಿ ಈ ಮಳೆಗಾಲ ದಾಟುವುದಿಲ್ಲ ಎಂದು ಮಂದಿ ಬಾಗಿಲಲ್ಲೇ ನಿಂತು ಆಡಿಕೊಂಡರು. ನನಗೆ ಕಿವಿ ಚೆನ್ನಾಗಿಯೇ ಇತ್ತು.

ಒಂದೇ ಅಂಗಳದ ಆಚೆ ಮನೆಯಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಅಂದರೆ ಮೈದುನನ ಹೆಂಡತಿ. ನನಗಿಂತ ಚಿಕ್ಕವಳು, ಬಾಯಿ ನನಗಿಂತ ದೊಡ್ಡದು. ಮೊದಲು ನನ್ನನ್ನು ಕೊಕಟನೂರಿನ ಎಲ್ಲಮ್ಮನ ಗುಡಿಗೆ ಕರೆದೊಯ್ದಳು. ದೇವಿ ಏನೂ ಅನ್ನಲಿಲ್ಲ. ಗಾಡಿಯಲ್ಲಿ ಕೂತು ಸೊಂಟ ಹಿಡಿಯಿತು. ಮುಂದಿನ ವಾರ ಮತ್ತೆ ಬಂದು ನಿಂತಳು.

"ಅಕ್ಕಾ, ಏಳ. ಮಿರಜಿಗಿ ಹೋಗೂಣು."

"ಮೊಣಕಾಲಿಗೇನ?"

"ತೆಲಿಗಿ."

"ನನ್ನ ತೆಲಿ ಚಲೋ ಐತಿ."

"ಚಲೋ ಇದ್ದಾಕಿ ತಾಟಿನ ಮುಂದ ಕುಂತು ನೊಣಾ ಕಾಯ್ತಾಳೇನ? ಏಳ ಬೇ."

ನಮ್ಮ ಕಡೆ ದೊಡ್ಡ ಬೇನೆ ಎಂದರೆ ಮಿರಜ. ಬಸ್ಸು ಹತ್ತಿ ಗಡಿ ದಾಟಿದರೆ ಆಯಿತು. ಆದರೆ ಅಲ್ಲಿ ಮಾತು ಮರಾಠಿ. ನಮಗಿಬ್ಬರಿಗೂ ಸಂತೆಯ ಮರಾಠಿ ಬರುತ್ತದೆ, ಕೊಡು, ತಗೋ, ಎಷ್ಟು ಅನ್ನುವಷ್ಟು. ದವಾಖಾನೆಯ ಮರಾಠಿ ಬೇರೆ. ಡಾಕ್ಟರು ಹೆಂಗಸು, ಹರೆಯದವಳು. ಊಟ, ನಿದ್ದೆ, ಎಮ್ಮೆ, ಎಲ್ಲಾ ಕೇಳಿದಳು. ಗುಳಿಗೆ ಬರೆದಳು. ಕೊನೆಗೆ ನನ್ನ ಕೈ ಹಿಡಿದು, "ಆಜೀ, ಗೋಳ್ಯಾ ಘ್ಯಾ, ಪಣ್ ಏಖಾದಾ ಛಂದ ಲಾವೂನ ಘ್ಯಾ" ಎಂದಳು.

ಹೊರಗೆ ಬಂದು ನೆಗೆಣ್ಣಿಯನ್ನು ಕೇಳಿದೆ. "ಏನಂದ್ಳ ಆ ಹುಡುಗಿ?"

"ಗುಳಿಗಿ ತಗೋ ಅಂದ್ಳು. ಮತ್ತ ಚಂದ ಹಚ್ಕೋ ಅಂದ್ಳು."

"ಏನ್ ಹಚ್ಕೋಬೇಕು?"

"ಚಂದ. ನೀನೂ ಕೇಳಿಲ್ಲೇನ? ನಿನ್ನ ಮೋತಿ ನೋಡೇ ಅಂದಿರಬೇಕು ತಗೋ."

ಲಾವ್ ಎಂದರೆ ಹಚ್ಚು. ಹಳದಿ ಲಾವ್, ಕುಂಕು ಲಾವ್, ಇಷ್ಟು ಸಂತೆಯಲ್ಲೇ ಬರುತ್ತದೆ. ಚಂದ ಎಂದರೆ ಚಂದ, ಅದಕ್ಕೆ ಬೇರೆ ಮರಾಠಿ ಯಾಕೆ? ಹೀಗಾಗಿ ನನಗೆ ಅನುಮಾನ ಬರಲಿಲ್ಲ, ಸಿಟ್ಟು ಬಂತು. ನೆಗೆಣ್ಣಿ ಬಸ್ ಸ್ಟ್ಯಾಂಡಿನ ಮುಂದೆ ಒಂದು ಪೌಡರ್ ಡಬ್ಬಿ, ಹಣಿಗೆ, ಕನ್ನಡಿ ಕೊಂಡಳು. ದಿನಾ ಮುಂಜಾನೆ ಬಂದು ಗುಳಿಗೆ ನುಂಗಿಸಿ, ತಲೆ ಬಾಚಿ, ಮುಖಕ್ಕೆ ಪೌಡರ್ ಬಡಿಯತೊಡಗಿದಳು.

"ಗಂಡ ಸತ್ತಾಕಿಗಿ ಪಾವಡರ್ ಹಚ್ತಿಯಲ್ಲ, ಮಂದಿ ಏನಂದಾರು?"

"ಹುಚ್ಚಿ ಅಂತ ಈಗ ಅನ್ನಾಕತ್ತಾರ. ಇನ್ ಮುಂದ ಚಂದನ್ನ ಹುಚ್ಚಿ ಅಂತಾರ, ಅಷ್ಟ."

ಕನ್ನಡಿ ಹಿಡಿದಳು. ಹಿಟ್ಟಿನ ಡಬ್ಬಿಯಲ್ಲಿ ಬಿದ್ದ ಇಲಿಯ ಹಾಗಿದ್ದೆ. ಹಲವು ದಿನ ತಡೆದುಕೊಂಡೆ. ಒಂದು ದಿನ ಅವಳ ಕೈ ದೂಡಿದೆ.

"ಈ ಮೋತಿ ಮುಗದೈತಿ, ಬಿಡು. ಹಚ್ಚಬೇಕಂದ್ರ ಆ ದನದ ಮನಿ ಗ್ವಾಡಿಗಿ ಹಚ್ಚು. ಹಾಳ ಬಿದ್ದಂಗ ಕಾಣ್ತೈತಿ."

"ಹಂಗಾರ ನೀನ ಹಚ್ಚು. ಚಂದ ಹಚ್ಚು ಅಂದಾಳ, ಎಲ್ಲಿಗಿ ಅಂತ ಹೇಳಿಲ್ಲ."

ಸಿಟ್ಟಿನಲ್ಲೇ ಹೋಗಿ, ಸೀಗೆ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಚರಗದ ಬುಟ್ಟಿ ಬಳಿದು ಉಳಿದ ಕೆಮ್ಮಣ್ಣು, ಸುಣ್ಣ ತಂದು ನನ್ನ ಮುಂದೆ ಕುಕ್ಕಿದಳು. ಪ್ಲಾಸ್ಟಿಕ್ ಕುರ್ಚಿ ಎಳೆದು ನನ್ನನ್ನು ದನದ ಮನೆಯಲ್ಲಿ ಕೂರಿಸಿ ಹೋದಳು.

ಎಮ್ಮೆ ಮೈ ತಿಕ್ಕಿದ ಕಡೆ ಗೋಡೆ ನುಣುಪಾಗಿ ಮಿಂಚುತ್ತಿತ್ತು. ಅದರ ಮೇಲೆ ಕೆಮ್ಮಣ್ಣು ಬಳಿದೆ. ಆರಿದ ಮೇಲೆ ಬೇವಿನ ಕಡ್ಡಿ ಜಗಿದು, ಸುಣ್ಣದಲ್ಲಿ ಅದ್ದಿ ಒಂದು ಎಮ್ಮೆ ಬರೆದೆ. ಬುಟ್ಟಿಗೆ ಗೆರೆ ಎಳೆದ ಕೈ ಅದು, ಎಮ್ಮೆ ಬರೆದು ಗೊತ್ತಿಲ್ಲ. ನೆಗೆಣ್ಣಿ ಬಂದು ನೋಡಿದಳು.

"ಇದೇನಕ್ಕಾ, ಹಂದೀನ?"

"ನಿನ್ನ ಗಂಡ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಅಳಿಸಿ ಮತ್ತೆ ಬರೆದೆ. ಕೋಡು ಸರಿ ಬಂದರೆ ಬೆನ್ನು ಸರಿ ಬರುತ್ತಿರಲಿಲ್ಲ. ನಮ್ಮ ದೊಡ್ಡ ಎಮ್ಮೆಯ ಒಂದು ಕೋಡು ಕೆಳಗೆ ಬಾಗಿತ್ತು, ಅದು ಎಡಗಡೆಯದೋ ಬಲಗಡೆಯದೋ ಎಂದು ಕಣ್ಣು ಮುಚ್ಚಿ ನೆನೆಸಬೇಕಾಯಿತು. ಎಡಗಡೆಯದು. ಅದನ್ನು ಮುಗಿಸುವ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಹೊಟ್ಟೆ ಹಸಿದಿತ್ತು. ಒಳಗೆ ಹೋಗಿ ಸೊಸೆಗೆ ರೊಟ್ಟಿ ಕೇಳಿದೆ. ಅವಳು ಒಲೆ ಬಿಟ್ಟು ಎದ್ದು ಬಂದು ನನ್ನ ಮುಖ ನೋಡಿದಳು. ಎರಡು ರೊಟ್ಟಿ ಹಾಕಿದಳು.

ಒಂದೇ ದಿನಕ್ಕೆ ಎಲ್ಲಾ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗುಳಿಗೆ ನುಂಗುತ್ತಲೇ ಇದ್ದೆ. ಕೆಲವು ದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಬಂದೆ. ಆದರೆ ಮುಂಜಾನೆ ಎಚ್ಚರಾದರೆ ಹೋಗಲು ಒಂದು ಜಾಗವಿತ್ತು. ನಿನ್ನೆ ಎಳೆದ ಬಾಲ ಇವತ್ತು ಮೋಟಾಗಿ ಕಾಣುತ್ತಿತ್ತು, ತಿದ್ದಬೇಕಿತ್ತು. ಮೇವು ಹಾಕುವ ಗೋದಲಿಯ ಮೇಲಿನ ಗೋಡೆಯಲ್ಲಿ ಎರಡು ಎಮ್ಮೆ ನಿಂತವು. ನೆಗೆಣ್ಣಿ ಬಗ್ಗಿ ನೋಡಿ ಒಂದು ಕೊಂಕು ತೆಗೆದಳು.

"ಎಲ್ಲಾ ಬರದಿ, ಕೆಚ್ಚಲ ಎಲ್ಲಿ? ಇವೇನ ಕ್ವಾಣಗೋಳ?"

ನಾನು ಕಡ್ಡಿ ಅದ್ದಿ ಬಾಲ ತಿದ್ದತೊಡಗಿದೆ.

ಗುಳಿಗೆ ಮುಗಿದಾಗ ಮತ್ತೆ ಮಿರಜಿಗೆ ಹೋದೆವು. ಡಾಕ್ಟರು, ಛಂದ ಲಾಗ್ಲಾ ಕಾ, ಅಂದರೆ ಹತ್ತಿತೇನು ಎಂದು ಕೇಳಿದಳು. ನೆಗೆಣ್ಣಿ ದೊಡ್ಡಸ್ತಿಕೆಯಿಂದ ಚೀಲದಿಂದ ಪೌಡರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ದಿನಾ ಹಚ್ಚಿದ್ದೇನೆ ಎಂದು ಕೈಯಾಡಿಸಿ ತೋರಿಸಿದಳು. ಡಾಕ್ಟರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಛಂದ ಮ್ಹಣಜೇ ನಾದ, ಆಜೀ! ನಾದ!"

ನಾದ ಎಂದರೆ ಚಟ, ಅದು ನಮಗೂ ಗೊತ್ತು. ಇಸ್ಪೀಟಿನ ನಾದ, ಕುಡಿತದ ನಾದ, ಮನೆ ಮುಳುಗಿಸುವಂಥದ್ದು. ಈ ವಯಸ್ಸಿನಲ್ಲಿ ನನಗೆ ನಾದ ಹಚ್ಚಿಕೋ ಎನ್ನುತ್ತಾಳಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ನನ್ನ ಉಗುರು ನೋಡಿದಳು. ಸಂದಿಯಲ್ಲಿ ಕೆಮ್ಮಣ್ಣು ಕೂತಿತ್ತು. ಇದೇನು ಎಂದು ಕೇಳಿದಳು. ಗೋಡೆಯ ಮೇಲೆ ಎಮ್ಮೆ ಬರೆಯುತ್ತೇನೆ ಎಂದು ಬಂದಷ್ಟು ಮರಾಠಿಯಲ್ಲಿ ಹೇಳಿದೆ. ಇದೇ ಛಂದ, ಮನಸ್ಸು ಹಚ್ಚಿ ಮಾಡುವ ಕೆಲಸ, ಇದನ್ನೇ ನಾನು ಹೇಳಿದ್ದು ಎಂದು ಅವಳು ಮೇಜು ತಟ್ಟಿದಳು. ಗುಳಿಗೆ ಮಾತ್ರ ಬಿಡಬೇಡ ಎಂದು ಎರಡು ಸಲ ಹೇಳಿದಳು.

ಬರುವಾಗ ಬಸ್ಸಿನಲ್ಲಿ ನೆಗೆಣ್ಣಿ ಪೌಡರ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಖ ದಪ್ಪ ಮಾಡಿ ಕೂತಿದ್ದಳು. ಕಾಗವಾಡ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅಕ್ಕಾ, ಖರೇ ಹೇಳು. ಕೆಚ್ಚಲ ಯಾಕ ಬರದಿಲ್ಲ?"

"ಬರದ್ರ ಹಿಂಡಬೇಕಾಗ್ತೈತಿ. ಹಿಂಡಾಕ ಎಲ್ಲಿ ಬರ್ತೈತಿ ನನಗ?"

ಅವಳು ಕಿಟಕಿಯ ಹೊರಗೆ ಕಬ್ಬು ನೋಡುತ್ತಾ ಕೂತಳು. ಊರು ಬಂತು. ನನ್ನ ರಟ್ಟೆ ಹಿಡಿದು ಇಳಿಸುತ್ತಾ ಅಂದಳು, "ಹಂಗಾರ ಕರಾ ಬರಿ. ಅದ ಕುಡೀತೈತಿ."

ಮರುದಿನ ಮುಂಜಾನೆ, ಹಿಂಡುವ ಹೊತ್ತಿಗೇ ಎಚ್ಚರಾಯಿತು. ಎದ್ದು ಗುಳಿಗೆ ನುಂಗಿ, ಕುರ್ಚಿ ಎಳೆದುಕೊಂಡು ಹೋಗಿ ಎರಡೂ ಎಮ್ಮೆಗೆ ತುಂಬಿದ ಕೆಚ್ಚಲು ಬರೆದೆ. ಕೆಳಗೆ ಒಂದೊಂದು ಕರು ಬರೆದೆ. ಒಂದು ನಾಯಿಯ ಹಾಗೆ ಬಂತು. ಅಳಿಸಲಿಲ್ಲ, ಅದೂ ಕುಡಿಯಲಿ ಎಂದು ಬಿಟ್ಟು, ಕೈ ತೊಳೆದು, ಸೊಸೆಗೆ ಚಹಾ ಇಡು ಎಂದು ಕೂಗಿದೆ.