ದೊಡ್ಡಮ್ಮ ಕಾದಿಟ್ಟ ಕೋಣೆ

ಮೊನ್ನೆ ಕುಮಟಾ ಸಂತೆಯಲ್ಲಿ ಅರಿಶಿನ ಎಲೆಯ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ದೊಡ್ಡಮ್ಮ ನೆನಪಾದಳು. ನಾನು ಕೊಳ್ಳಲು ಹೋದದ್ದು ಬೇರೇನೋ... ಅದೇನೆಂದು ಇನ್ನೂ ನೆನಪಾಗಿಲ್ಲ.

ನಮ್ಮೂರು ಹೊನ್ನಾವರದಿಂದ ಮೇಲೆ, ಅಭಯಾರಣ್ಯದ ಅಂಚಿನಲ್ಲಿದೆ. ಕಾಡು ನೋಡಲು ಬರುವವರು ಊರವರ ಮನೆಗಳಲ್ಲೇ ಉಳಿಯುವ ವ್ಯವಸ್ಥೆ ಆದಾಗ ನಾನೇ ಸಮಿತಿಯ ಕಾರ್ಯದರ್ಶಿ. ದೊಡ್ಡಮ್ಮ ಜಗಲಿ ಪಕ್ಕದ ಕೋಣೆ ಬಿಟ್ಟುಕೊಟ್ಟಳು. ಗಿರಾಕಿ, ಬುಕಿಂಗ್ ಎಂದು ನಾನೆಷ್ಟು ತಿಳಿಸಿ ಹೇಳಿದರೂ ಅವಳಿಗೆ ಬಂದವರೆಲ್ಲ ನೆಂಟರೇ.

ಒಂದು ಶ್ರಾವಣದಲ್ಲಿ ಕಪ್ಪೆಗಳನ್ನು ನೋಡಲೆಂದು ಒಬ್ಬ ಹುಡುಗಿ ಬಂದಳು. ಮರುದಿನವೇ ಜ್ವರ. ಕಪ್ಪೆ ನೋಡಿದ್ದು ಅಷ್ಟಕ್ಕಷ್ಟೇ. ದೊಡ್ಡಮ್ಮನ ಒಲೆಯ ಮುಂದೆ ಕೂತು ಗಂಜಿ ಕುಡಿದಳು, ಕೊನೆಯ ದಿನ ಅರಿಶಿನ ಎಲೆಯ ಕಡುಬು ತಿಂದಳು. ಹೊರಡುವಾಗ "ಮುಂದಿನ ಶ್ರಾವಣಕ್ಕೂ ಬರ್ತೇನೆ" ಎಂದಳು. ಎಲ್ಲರೂ ಹಾಗನ್ನುತ್ತಾರೆ. ದೊಡ್ಡಮ್ಮ ಅದನ್ನು ನಂಬಿ ಕೂತಳು.

ಮರುವರ್ಷ ಅದೇ ಹೊತ್ತಿಗೆ ಫೋಟೊ ತೆಗೆಯುವವರ ತಂಡವೊಂದು ಬರುತ್ತೇವೆಂದಿತು. ಊರಿನ ಬೇರೆ ಕೋಣೆಗಳೆಲ್ಲ ಸೋರುತ್ತಿದ್ದವು. ದೊಡ್ಡಮ್ಮ ತನ್ನ ಕೋಣೆ ಕೊಡಲು ಒಪ್ಪಲಿಲ್ಲ.

"ಆ ಹುಡುಗಿ ಬಂದ್ರೆ ಎಲ್ಲಿ ಮಲಗ್ತದೆ? ಮಾತು ಕೊಟ್ಟೇ ಹೋಗಿದ್ದು ಅದು."

ಈ ತಂಡವೂ ತಪ್ಪಿದರೆ ನಮ್ಮೂರಿಗೆ ಇನ್ಯಾರೂ ಬಾರದೆ ಎಲ್ಲ ಮುಚ್ಚಿಹೋದೀತೆಂದು ನನಗೆ ತಲೆಬಿಸಿ. ಸಿಟ್ಟೂ ಬಂತು. "ಅದು ಫೋನ್ ಮಾಡಿತ್ತು, ಈ ವರ್ಷ ಬರುದಿಲ್ಲ ಅಂತು" ಎಂದುಬಿಟ್ಟೆ.

"ಆತು ಹಂಗಾರೆ" ಎಂದು ಕೋಣೆ ಗುಡಿಸಲು ಹೋದಳು.

ಆ ಶ್ರಾವಣದಲ್ಲಿ ಹುಡುಗಿ ಬರಲಿಲ್ಲ, ನಿಜ. ಹಾಗಾದರೆ ನಾನು ಹೇಳಿದ್ದು ಸುಳ್ಳೋ, ಅಲ್ಲವೋ? ತಂಡ ಬಂತು, ಊರಿಗೆ ಹೆಸರೂ ಬಂತು... ಆದರೆ ಆಮೇಲೆ ಹೊರಟು ನಿಂತ ಯಾರನ್ನೂ ದೊಡ್ಡಮ್ಮ ಮೊದಲಿನಂತೆ "ಮತ್ತೆ ಯಾವಾಗ ಬತ್ರಿ?" ಎಂದು ಕೇಳಿದ್ದನ್ನು ನಾನು ಕಾಣೆ.

ಅವಳು ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಏನೋ ಮಾತಾಡುತ್ತಿದ್ದವಳು ತಟ್ಟನೆ ಕೇಳಿದಳು: "ಆ ಹುಡುಗಿ ಅವತ್ತು ಫೋನ್ ಮಾಡಿದಾಗ ನನ್ನ ವಿಚಾರ್ಸಿತ್ತಾ?"

"ವಿಚಾರ್ಸಿತ್ತು ದೊಡ್ಡಮ್ಮ. ಕಡುಬಿನ ಸುದ್ದಿಯೂ ತೆಗ್ದಿತ್ತು."

ಅವಳ ಮುಖ ಅರಳಿತು. ಈ ಎರಡು ಸುಳ್ಳುಗಳಲ್ಲಿ ಯಾವುದು ಪಾಪ, ಯಾವುದು ಪುಣ್ಯ, ನನಗಂತೂ ಇನ್ನೂ ಬಗೆಹರಿದಿಲ್ಲ.

ದೊಡ್ಡಮ್ಮ ಹೋಗಿ ವರ್ಷವಾಗುತ್ತ ಬಂತು. ಹುಡುಗಿಯ ನಂಬರು ಮೊದಲಿನಿಂದಲೂ ನನ್ನ ಮೊಬೈಲಿನಲ್ಲೇ ಇದೆ. ಬರುತ್ತೀಯೋ ಇಲ್ಲವೋ ಎಂದು ಅವತ್ತೇ ಒಂದು ಮಾತು ಕೇಳಬಹುದಿತ್ತು, ಯಾಕೆ ಕೇಳಲಿಲ್ಲವೋ... ಈಗ ಫೋನ್ ಮಾಡೋಣವೆಂದರೆ, ಅವಳು ಮೊದಲು ದೊಡ್ಡಮ್ಮನನ್ನೇ ವಿಚಾರಿಸಿಬಿಟ್ಟಾಳೆಂಬ ಹೆದರಿಕೆ.